ಪಾರ್ಸರ್ ಕ್ಲೀನ್ ಮಾಡೋಕೆ ಹೊರಟವರಿಗೆ

ಪ್ರಶ್ನೆ: ಸರ್, ನಾನು ಹುಬ್ಬಳ್ಳಿ, ಗೆಳೆಯ ಧಾರವಾಡ. ಇಬ್ಬರೂ ಎಂಜಿನಿಯರಿಂಗ್ ಕೊನೇ ವರ್ಷ. ಒಂದು ಓಪನ್ ಸೋರ್ಸ್ ಪಾರ್ಸರ್ (ಫೈಲ್ ಓದಿ ಅದರ ರಚನೆ ಬಿಡಿಸುವ ಪ್ರೋಗ್ರಾಂ) ನೋಡಿದೆವು, ಒಂದೇ ಫಂಕ್ಷನ್ ಒಳಗೆ ಎಲ್ಲಾ ತುರುಕಿದ್ದಾರೆ. ಚಿಗರಿ ಬಸ್ಸಿನಲ್ಲಿ ಓಡಾಡುತ್ತಾ ಚರ್ಚೆ ಮಾಡಿ, ಪೂರ್ತಿ ಹೊಸದಾಗಿ ಬರೆದು ಪುಲ್ ರಿಕ್ವೆಸ್ಟ್ (ನಮ್ಮ ಬದಲಾವಣೆ ಸೇರಿಸಿಕೊಳ್ಳಿ ಅನ್ನೋ ಮನವಿ) ಕಳಿಸಿದೆವು. 'ಇಷ್ಟು ದೊಡ್ಡದು ಬೇಡ' ಅಂತ ಆ ಪ್ರಾಜೆಕ್ಟ್ ನೋಡಿಕೊಳ್ಳುವ ಮೇಂಟೇನರ್ ಮುಚ್ಚಿಬಿಟ್ಟರು. ಯಾಕೆ ಹೀಗೆ?
- ಓದುಗ, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಬೇಜಾರು ಮಾಡ್ಕೋಬೇಡಿ, ಆದರೆ ಅವರು ಮಾಡಿದ್ದು ಸರಿ. ನೀವಿಬ್ಬರು ಬಸ್ಸಿನಲ್ಲಿ ಮಾತಾಡಿಕೊಂಡಿದ್ದು ಅವರಿಗೆ ಹೇಗೆ ಗೊತ್ತಾಗಬೇಕು? ಕೋಡ್ ಮುಟ್ಟುವ ಮೊದಲೇ ಪ್ರಾಜೆಕ್ಟ್ ಪುಟದಲ್ಲಿ ಒಂದು ಇಶ್ಯೂ (ಚರ್ಚೆಯ ಟಿಪ್ಪಣಿ) ತೆರೆದು, ಏನು ಬದಲಾಯಿಸ್ತೀವಿ, ಏನು ಮುಟ್ಟಲ್ಲ ಅಂತ ಬರೆದು ಕೇಳಿ.

ಆಮೇಲೆ ಟೆಸ್ಟ್. ಸಿಕ್ಕ ಮಾದರಿ ಫೈಲ್‌ಗಳನ್ನೆಲ್ಲ, ಕೆಟ್ಟುಹೋದವನ್ನೂ ಸೇರಿಸಿ, ಹಳೇ ಪಾರ್ಸರ್‌ಗೆ ಕೊಟ್ಟು ಬಂದ ಔಟ್‌ಪುಟ್ ಹಾಗೇ ಇಟ್ಟುಕೊಳ್ಳಿ, ತಪ್ಪಾಗಿ ಬಂದಿದ್ದರೆ ಅದನ್ನೂ. ಪ್ರತಿ ಬದಲಾವಣೆ ಆದಮೇಲೂ ಹೋಲಿಸಿ ನೋಡಿ. ಮಧ್ಯೆ ಬಗ್ ಕಂಡರೆ ಕೈ ಸುಮ್ನಿರಲ್ಲ, ಗೊತ್ತು. ಆದರೂ ಅದರ ರಿಪೇರಿ ಪ್ರತ್ಯೇಕವಾಗಿ ದಾಖಲಿಸುವ ಬೇರೆ ಕಮಿಟ್‌ನಲ್ಲೇ ಇರಲಿ.

ಮಾದರಿಗಳಲ್ಲಿ ಕನ್ನಡವೂ ಇರಲಿ. 'ಕ್ಷಮೆ' ತಗೊಳ್ಳಿ. ಕಣ್ಣಿಗೆ ಎರಡೇ ಅಕ್ಷರ, ಎಲ್ಲ ಲಿಪಿಗಳ ಅಕ್ಷರಕ್ಕೂ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ 5 ಸಂಕೇತ, ಆ ಸಂಕೇತಗಳನ್ನು ಬೈಟ್ ಆಗಿ ಉಳಿಸುವ ಯುಟಿಎಫ್-8ನಲ್ಲಿ 15 ಬೈಟ್. ಸಾಲಿನ ಶುರುವಿನಲ್ಲೇ ಈ ಪದ ಇದ್ದು, ಅದರ ಮುಂದಿನ ಚಿಹ್ನೆಯಲ್ಲಿ ತಪ್ಪಿದ್ದರೆ ಬೈಟ್ ಎಣಿಸುವ ಪಾರ್ಸರ್ 16ನೇ ಕಾಲಂ ಅನ್ನುತ್ತೆ, ಸಂಕೇತ ಎಣಿಸುವುದು 6 ಅನ್ನುತ್ತೆ. ಕ್ಲೀನ್ ಮಾಡುವ ಭರದಲ್ಲಿ ಇದನ್ನು ಬದಲಾಯಿಸಿದರೆ, ಆ ನಂಬರ್ ನಂಬಿಕೊಂಡು ಕೆಂಪು ಗೆರೆ ಎಳೆಯುವ ಎಡಿಟರ್‌ಗಳೆಲ್ಲ ತಪ್ಪು ಜಾಗ ತೋರಿಸ್ತವೆ. ಇಂಗ್ಲಿಷ್ ಅಕ್ಷರ ಮಾತ್ರ ಕೊಟ್ಟು ನೋಡಿದರೆ ಇದು ಗೊತ್ತೇ ಆಗಲ್ಲ.

ಪೂರ್ತಿ ಹೊಸ ಪಾರ್ಸರ್ ಬರೆಯೋದೇ ತಪ್ಪು ಅಂತಲ್ಲ. ಪೈಥಾನ್ 2020ರಲ್ಲಿ, 3.9ನೇ ಆವೃತ್ತಿಗೆ, ಹೊಸ ಪಾರ್ಸರ್ ಹಾಕಿತು. ಆದರೆ ಬೇಕಾದವರಿಗೆ ಅಂತ ಹಳೆಯದನ್ನೂ ಅದೇ ಆವೃತ್ತಿಯಲ್ಲಿ ಉಳಿಸಿಕೊಂಡು, 3.10ರಲ್ಲಿ ತೆಗೆದರು. ದೊಡ್ಡ ತಂಡವೇ ಹೀಗೆ ಹೆದರಿ ಹೆದರಿ ಹೆಜ್ಜೆ ಇಟ್ಟಿದೆ, ಅಲ್ವಾ?

ಇಬ್ಬರು ಫೈಲ್ ಅರ್ಧರ್ಧ ಹಂಚಿಕೊಳ್ಳಬೇಡಿ, ಮರ್ಜ್ ಮಾಡುವಾಗ ಜಗಳ ಗ್ಯಾರಂಟಿ. ಒಬ್ಬರು ಟೆಸ್ಟ್ ಬರೀರಿ, ಇನ್ನೊಬ್ಬರು ಕೋಡ್ ಒಡೀರಿ, ವಾರಕ್ಕೊಮ್ಮೆ ಕೆಲಸ ಅದಲುಬದಲು ಮಾಡ್ಕೊಳ್ಳಿ. ವಿಚಿತ್ರವಾದ ಇಫ್ (ಷರತ್ತಿನ) ಸಾಲು ಕಂಡರೆ ಅಳಿಸುವ ಮೊದಲು, ಯಾವ ಸಾಲನ್ನು ಯಾರು, ಯಾವಾಗ ಬರೆದರು ಅಂತ ತೋರಿಸುವ ಗಿಟ್ ಬ್ಲೇಮ್‌ನಲ್ಲಿ ನೋಡಿ. ಯಾರದೋ ಕೆಟ್ಟ ಫೈಲ್‌ಗೋಸ್ಕರ ಸೇರಿಸಿದ್ದಿರುತ್ತೆ. ಸ್ಪೇಸ್, ಇಂಡೆಂಟ್ ಸರಿಪಡಿಸುವ ಕಮಿಟ್ ಬೇರೆಯೇ ಇರಲಿ. ಅಂಥ ಕಮಿಟ್ ಬಿಟ್ಟು ಇತಿಹಾಸ ತೋರಿಸುವ ಸೌಲಭ್ಯ ಗಿಟ್ 2.23ರಿಂದ ಇದೆ. ಅದನ್ನು ಪ್ರಾಜೆಕ್ಟ್‌ನಲ್ಲಿ ಹೊಂದಿಸಿಕೊಡೋದನ್ನೇ ನಿಮ್ಮ ಮುಂದಿನ ಪುಲ್ ರಿಕ್ವೆಸ್ಟ್ ಮಾಡಿ, ಹತ್ತು ಸಾಲೂ ಆಗಲ್ಲ.