ಮೊದಲು ಆ ಟಾರ್ಪಾಲು ತೆಗೆಯಿರಿ (ಅಕೇಶಿಯಾ ಸೌದೆ ಫೋಟೋ ಹಾಕಿದವರಿಗೆ)

ಮಾರಾಯ್ರೇ, ನಾಲ್ಕಡಿ ಉದ್ದದ ಅಕೇಶಿಯಾ ಗುಂಡುಗಳನ್ನು (ಸೀಳದ ದಿಮ್ಮಿಗಳನ್ನು) ಸಿಪ್ಪೆ ಸಮೇತ ನೆಲದ ಮೇಲೇ ಪೇರಿಸಿ, ಬುಡದವರೆಗೂ ನೀಲಿ ಟಾರ್ಪಾಲು ಹೊದಿಸಿ, "ಜುಲೈಗೆ ಒಣಸೌದೆ ರೆಡಿ, ಹೋಮ್‌ಸ್ಟೇಗಳಿಗೆ ಕೆಜಿ ಲೆಕ್ಕದಲ್ಲಿ ಕೊಡ್ತೇನೆ" ಅಂತ ಬರೆದಿದ್ದೀರಿ. ನಾನೂ ಇದೇ ತಪ್ಪು ಮಾಡಿದವನು, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ಜುಲೈಗೆ ಅಲ್ಲಿ ಸಿಗುವುದು ಬೂಷ್ಟು ಹಿಡಿದ ಗುಂಡು, ಅಡಿಯ ಸಾಲಿಗೆ ಗೆದ್ದಲು. ಈಗಿನ್ನೂ ಫೆಬ್ರವರಿ, ಸರಿಪಡಿಸಲು ಸಮಯ ಇದೆ.

ನೀರಿನ ಲೆಕ್ಕ ನೋಡಿ. ಹಸಿ ಅಕೇಶಿಯಾದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರು. ಒಂದು ಟನ್ ಹಸಿ ಸೌದೆ 20% ತೇವಕ್ಕೆ ಬಂದಾಗ 625 ಕೆಜಿ ಉಳಿಯುತ್ತದೆ. ಅಂದರೆ ಟನ್ನಿಗೆ 375 ಲೀಟರ್ ನೀರು ಹೊರಗೆ ಹೋಗಬೇಕು. ಟಾರ್ಪಾಲಿನೊಳಗೆ ಅದು ಎಲ್ಲಿಗೆ ಹೋದೀತು? ಹಗಲು ಆವಿಯಾಗಿ ರಾತ್ರಿ ಅಲ್ಲೇ ತೊಟ್ಟಿಕ್ಕುತ್ತದೆ.

ದುಡ್ಡಿನ ಲೆಕ್ಕವೂ ಇಲ್ಲೇ ತಪ್ಪುತ್ತದೆ. ಹಸಿಗೆ ಟನ್ನಿಗೆ 3000 ರೂಪಾಯಿ ಅಂತಿಟ್ಟುಕೊಳ್ಳಿ. ಒಣಗಿಸಿದ ಮೇಲೆ ಟನ್ನಿಗೆ 4800 ಸಿಕ್ಕಿದರೂ ನಿಮ್ಮ ಕೈಗೆ ಬರುವುದು ಅದೇ 3000. ಸೀಳಿದ ಕೂಲಿ, ಪೇರಿಸಿದ ಕೂಲಿ ಪೂರ್ತಿ ನಷ್ಟ. ಇನ್ನು ಕೊಳ್ಳುವವರ ಕಡೆಯಿಂದ ನೋಡಿದರೆ, ಅರ್ಧ ನೀರಿರುವ ಸೌದೆ ಕೆಜಿಗೆ ಸುಮಾರು 1900 ಕಿಲೋಕ್ಯಾಲರಿ ಶಾಖ ಕೊಡುತ್ತದೆ, 20% ತೇವದ್ದು ಸುಮಾರು 3400. ಬರೀ ಶಾಖಕ್ಕೆ ಬೆಲೆ ಕಟ್ಟುವವರು ಒಣ ಟನ್ನಿಗೆ ಹೆಚ್ಚೆಂದರೆ 5400ರ ಆಸುಪಾಸು ಕೊಟ್ಟಾರು. 4800ಕ್ಕೂ 5400ಕ್ಕೂ ನಡುವೆ ಕೂಲಿ ಹುಟ್ಟುವುದಿಲ್ಲ. ಹಾಗಾಗಿ ಒಣಸೌದೆಯನ್ನು ತೂಕಕ್ಕೆ ಮಾರಲೇಬೇಡಿ, ಗಾತ್ರಕ್ಕೆ ಮಾರಿ. ಒಣಗಿದಾಗ ತೂಕ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಇಳಿಯುತ್ತದೆ, ಗಾತ್ರ ನೂರಕ್ಕೆ ಹತ್ತರಷ್ಟೂ ಕುಗ್ಗುವುದಿಲ್ಲ. ಚೀಲಕ್ಕಿಷ್ಟು, ಪಿಕಪ್ ಲೋಡಿಗಿಷ್ಟು ಅಂತ ಮಾತಾಡಿ. ತೇವ ನೋಡದೆ ತೂಕಕ್ಕೆ ಕೊಳ್ಳುವ ಬಾಯ್ಲರಿನವರು, ಇಟ್ಟಿಗೆ ಗೂಡಿನವರು ಇದ್ದರೆ ದಪ್ಪ ಗುಂಡು, ಗಂಟಿನ ತುಂಡುಗಳನ್ನೆಲ್ಲ ಕಡಿದ ವಾರದಲ್ಲೇ ಅವರಿಗೆ ಕೊಟ್ಟುಬಿಡಿ. ಕೈಯಿಟ್ಟು ಒಣಗಿಸಬೇಕಾದ್ದು ಮಣಿಕಟ್ಟಿನಿಂದ ತೊಡೆಯಷ್ಟು ದಪ್ಪದ ನೆಟ್ಟನೆಯ ಮಾಲನ್ನು ಮಾತ್ರ.

ಈಗ ಮಾಡಬೇಕಾದ್ದು: ಗುಂಡುಗಳನ್ನು ಒಂದಡಿಗೆ ತುಂಡು ಮಾಡಿ. ನೀರು ಮರದ ಪಕ್ಕದಿಂದ ಹೋಗುವುದಕ್ಕಿಂತ ಕೊಯ್ದ ತುದಿಯಿಂದ ಹತ್ತು ಪಟ್ಟಾದರೂ ಬೇಗ ಹೋಗುತ್ತದೆ. ಮೂರಿಂಚಿಗಿಂತ ದಪ್ಪದ್ದನ್ನು ಹಸಿಯಿರುವಾಗಲೇ ಸೀಳಿ. ಒಣಗಿದ ಅಕೇಶಿಯಾ ಗಂಟಿಗೆ ಕೊಡಲಿ ಸಿಕ್ಕಿಕೊಂಡರೆ ಅರ್ಧ ದಿನ ಹೋಗುತ್ತದೆ. ಅಡಿಗೆ ಜಂಬಿಟ್ಟಿಗೆ (ಕೆಂಪು ಕಲ್ಲು) ಇಟ್ಟು ನೆಲದಿಂದ ಅರ್ಧ ಅಡಿ ಎತ್ತರಿಸಿ. ಅಡಿಕೆ ದಬ್ಬೆ (ಸೀಳಿದ ಅಡಿಕೆ ಮರ) ಹಾಕಬೇಡಿ, ಗೆದ್ದಲಿಗೆ ಏಣಿ ಕೊಟ್ಟ ಹಾಗಾಗುತ್ತದೆ. ಒಂದೇ ತುಂಡಿನ ಅಗಲದ ಸಾಲು, ನಾಲ್ಕಡಿ ಎತ್ತರ, ಸಾಲು ಸಾಲಿನ ನಡುವೆ ಒಂದಡಿ ಜಾಗ. ಮೇಲೆ ಮಾತ್ರ ತಗಡು. ಗೆದ್ದಲಿಗೆ ಕ್ಲೋರ್‌ಪೈರಿಫಾಸ್ ಕೀಟನಾಶಕ ಹೊಡೆಯಿರಿ ಅಂತ ಮೇಲಿನ ಕಾಮೆಂಟಿನಲ್ಲಿ ಯಾರೋ ಸಲಹೆ ಕೊಟ್ಟಿದ್ದಾರೆ, ದಯವಿಟ್ಟು ಬೇಡ. ಆ ಸೌದೆಯ ಹೊಗೆಯಲ್ಲಿ ಜನ ರೊಟ್ಟಿ ಸುಡುತ್ತಾರೆ, ಮಕ್ಕಳು ಬೆಂಕಿ ಸುತ್ತ ಕೂರುತ್ತಾರೆ.

ನಿಮ್ಮ ಫೋಟೋದ ಹಿಂದೆ ಅಡಿಕೆ ಒಣಗಿಸುವ ಪಾಲಿಹೌಸ್ ಕಾಣುತ್ತಿದೆ. ನಿಮ್ಮ ನಿಜವಾದ ಬಂಡವಾಳ ಅದೇ! ಕೊಯ್ಲು ಮುಗಿದ ಮೇಲೆ ಮಾರ್ಚ್‌ನಿಂದ ಮಳೆ ಹಿಡಿಯುವ ತನಕ ಖಾಲಿ ಬಿದ್ದಿರುತ್ತದೆ. ಸೌದೆ ಸಾಲುಗಳನ್ನು ಅದರೊಳಗೆ ಹಾಕಿ, ಪ್ಲಾಸ್ಟಿಕ್ ಹಾಳೆಯಿಂದ ಎರಡಡಿ ಬಿಟ್ಟು. ಆದರೆ ಬಿಸಿ ಇದ್ದರೆ ಸಾಕು ಅಂತ ಮುಚ್ಚಿಟ್ಟರೆ ಅದೂ ಟಾರ್ಪಾಲೇ. ಗಾಳಿ ಕೆಳಗಿನಿಂದ ಒಳಬಂದು ನೆತ್ತಿಯಿಂದ ಹೊರಹೋಗಬೇಕು. ನೆತ್ತಿಯಲ್ಲಿ ಕಿಂಡಿ ಇಲ್ಲದಿದ್ದರೆ ಎರಡೂ ತ್ರಿಕೋನದ ಗೋಡೆಗಳ ಮೇಲ್ತುದಿಯಲ್ಲಿ ಕೊಯ್ದು ಸೊಳ್ಳೆಪರದೆ ಬಲೆ ಹಾಕಿ. ಮೊದಲ ಹತ್ತು ದಿನ ರಾತ್ರಿಯೂ ಮುಚ್ಚಬೇಡಿ, ನೀರು ಹೆಚ್ಚು ಬಿಡುವುದು ಆಗಲೇ. ಆಮೇಲೆ ಸಂಜೆ ಮುಚ್ಚಿ, ಬೆಳಿಗ್ಗೆ ಬಿಸಿಲು ಬಿದ್ದ ಕೂಡಲೇ ತೆರೆಯಿರಿ. ಬೆಳಿಗ್ಗೆ ಹಾಳೆಯ ಒಳಮೈಯಲ್ಲಿ ಹನಿ ಕಂಡರೆ ಕಿಂಡಿ ಸಾಲದು ಅಂತ ಅರ್ಥ. ಮೂರ್ನಾಲ್ಕು ಇಂಚಿನ ಸೀಳು ಹೀಗೆ ನಾಲ್ಕರಿಂದ ಆರು ವಾರಕ್ಕೆ ತಯಾರು. ಹೊರಗೆ ತಗಡಿನಡಿ ಎರಡೂವರೆ ಮೂರು ತಿಂಗಳು ಬೇಕು. ಅಡಿಕೆ ಬರುವ ಮೊದಲು ಸಿಪ್ಪೆ ಪುಡಿ, ಹುಳ ಕೊರೆದ ಹಿಟ್ಟು ಎಲ್ಲ ಗುಡಿಸಿ ತೊಳೆಯಿರಿ, ಇಲ್ಲದಿದ್ದರೆ ಅಡಿಕೆ ಕೆಡುತ್ತದೆ.

ಮೇ ಮಧ್ಯದೊಳಗೆ ಒಣಗಿಸಿ ಮುಗಿಸಲೇಬೇಕು. ನಮ್ಮ ಮಳೆಗಾಲದ ಗಾಳಿಯಲ್ಲಿ ಮರದ ತೇವ 18–20%ಕ್ಕಿಂತ ಕೆಳಗೆ ಇಳಿಯುವುದೇ ಇಲ್ಲ, ಒಣಗಿದ್ದೂ ಮತ್ತೆ ಹೀರುತ್ತದೆ. ಹಾಗಂತ ಮೇ ತಿಂಗಳಲ್ಲೇ ಮಾರಿಬಿಡಬೇಡಿ. ಆಗ ಎಲ್ಲರ ಹತ್ತಿರವೂ ಸೌದೆ ಇರುತ್ತದೆ. ಹೋಮ್‌ಸ್ಟೇಯವರು ಒಣಸೌದೆಗೆ ಪರದಾಡುವುದು ಜುಲೈ, ಆಗಸ್ಟಿನಲ್ಲಿ. ಚೀಲಕ್ಕೆ ಈರುಳ್ಳಿಯ ಬಲೆಚೀಲ ಬಳಸಿ, ಗೊಬ್ಬರದ ಚೀಲ ಬೇಡ.

ತೇವದ ಮೀಟರಿನ ಬಗ್ಗೆ ಒಂದು ಎಚ್ಚರಿಕೆ. ಮುಳ್ಳು ಚುಚ್ಚುವ ಅಗ್ಗದ ಮೀಟರುಗಳು ಒಣಮರದ ತೂಕಕ್ಕೆ ಹೋಲಿಸಿ ತೇವ ತೋರಿಸುತ್ತವೆ. ಅದರಲ್ಲಿ 25 ಬಂದರೆ ನಾವು ಮಾತಾಡುವ 20% (ನಮ್ಮದು ನೀರೂ ಸೇರಿದ ಒಟ್ಟು ತೂಕದ ಲೆಕ್ಕ). 30ರ ಮೇಲೆ ಅದು ತೋರಿಸುವುದನ್ನು ನಂಬಬೇಡಿ. ತುಂಡಿನ ಹೊರಮೈಗೆ ಚುಚ್ಚಬೇಡಿ, ಆಗಷ್ಟೇ ಸೀಳಿ ಒಳಮೈಯ ನಡುವೆ ಚುಚ್ಚಿ. ಮೀಟರ್ ಇಲ್ಲದಿದ್ದರೆ ಐದಾರು ತುಂಡಿಗೆ ಬಣ್ಣದ ಗುರುತು ಹಾಕಿ ವಾರಕ್ಕೊಮ್ಮೆ ತೂಗಿ. ವಾರದಲ್ಲಿ 1%ಕ್ಕಿಂತ ಕಡಿಮೆ ಇಳಿದರೆ ಆ ಜಾಗದಲ್ಲಿ ಅದಕ್ಕಿಂತ ಹೆಚ್ಚು ಒಣಗುವುದಿಲ್ಲ.

ಚೈನ್ ಗರಗಸ ಯಾವುದು ಅಂತ ಕೇಳಿದ್ದೀರಿ. ಈ ದಪ್ಪಕ್ಕೆ ಸ್ಟಿಲ್ (Stihl) ಕಂಪನಿಯ ಎಂಎಸ್ 250, 16 ಇಂಚಿನ ಬಾರ್ (ಚೈನು ಓಡುವ ಪಟ್ಟಿ) ಸಾಕು. ಎಂಎಸ್ 180 ಮನೆ ಬಳಕೆಗೆ ಸರಿ, ದಿನಗಟ್ಟಲೆ ಓಡಿಸಲು ಅಲ್ಲ. ಹಸ್ಕ್ವರ್ನಾ ಕೂಡ ಒಳ್ಳೆಯದೇ, ಬಿಡಿಭಾಗ ನಿಮ್ಮೂರಿನಲ್ಲಿ ಯಾವುದಕ್ಕೆ ಸಿಗುತ್ತದೋ ಅದನ್ನು ಕೊಳ್ಳಿ. ಆನ್‌ಲೈನಿನ ಹೆಸರಿಲ್ಲದ 58 ಸಿಸಿ ಗರಗಸಕ್ಕೆ ಮರುಳಾಗಬೇಡಿ. ಒಳ್ಳೆಯ ಟೂ ಸ್ಟ್ರೋಕ್ ಆಯಿಲ್ ಆದರೆ ಲೀಟರ್ ಪೆಟ್ರೋಲಿಗೆ 20 ಮಿಲಿ. ಚೈನಿಗೆ ಗಾಡಿಯ ಹಳೇ ಆಯಿಲ್ ಬೇಡ, ಬಾರ್ ಮತ್ತು ಪಂಪ್ ಎರಡೂ ಹಾಳು. ಟ್ರ್ಯಾಕ್ಟರಿಗೆ ಸಿಕ್ಕಿಸುವ ತಿರುಗುವ ಶಂಕುವಿನ ಸೀಳುಯಂತ್ರ ಅಗ್ಗ, ಆದರೆ ಲುಂಗಿ, ಕೈಗವಸು ಸಿಕ್ಕಿದರೆ ಕೈಯೇ ಹೋಗುತ್ತದೆ. ತಳ್ಳುವ ಹೈಡ್ರಾಲಿಕ್ ಯಂತ್ರ ನಿಧಾನವಾದರೂ ಅದೇ ಇರಲಿ.

ಕಡಿದದ್ದು ಹಿಡುವಳಿ ಜಮೀನಿನಲ್ಲಿ ತಾನೆ? ಸೊಪ್ಪಿನ ಬೆಟ್ಟದ್ದಾದರೆ (ತೋಟಕ್ಕೆ ಸೊಪ್ಪು ತರಲು ಬಿಟ್ಟ ಅರಣ್ಯ ಜಾಗ) ಸ್ವಂತ ಬಳಕೆಗೆ ಮಾತ್ರ, ಮಾರಾಟಕ್ಕಲ್ಲ. ಕರ್ನಾಟಕದ 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ಸಿಲ್ವರ್ ಓಕ್, ಗಾಳಿಮರ, ನೀಲಗಿರಿಗೆ ಕಡಿಯುವ ಅನುಮತಿಯಿಂದ ವಿನಾಯಿತಿ ಇದೆ, ಆದರೆ ಕಡಿಯುವುದು ಬೇರೆ, ಸಾಗಿಸುವುದು ಬೇರೆ. ಲಾರಿಗೆ ತುಂಬುವ ಮೊದಲು ಪಹಣಿ ಹಿಡಿದುಕೊಂಡು ವಲಯ ಅರಣ್ಯ ಕಚೇರಿಗೆ ಹೋಗಿ ಅಕೇಶಿಯಾಕ್ಕೆ ಏನು ನಿಯಮ ಅಂತ ಕೇಳಿ, ಅರಣ್ಯ ತಪಾಸಣೆ ಗೇಟಿನಲ್ಲಿ ನಿಂತು ವಾದ ಮಾಡಬೇಡಿ.

ಹೆಬ್ಬೆರಳಿಗಿಂತ ಸಣ್ಣ ಕೊಂಬೆಗಳನ್ನು ಹೊತ್ತು ತರುವುದೇ ಬೇಡ, ಕೊಚ್ಚಿ ಅಲ್ಲೇ ಮರದ ಬುಡಕ್ಕೆ ಹರಡಿ. ಮತ್ತೆ ಟಾರ್ಪಾಲು ತೆಗೆದ ದಿನ ಒಂದು ಫೋಟೋ ಹಾಕಿ, ಸಾಲಿನ ದಿಕ್ಕು ಗಾಳಿಗೆ ಸರಿಯಿದೆಯಾ ನೋಡಿ ಹೇಳುತ್ತೇನೆ.