ಬಣ್ಣ ಆಮೇಲೆ, ಬ್ರೇಕು ಮೊದಲು: ಹಳೆಯ ಸ್ಟೇಷನ್ ವ್ಯಾಗನ್ ಕುರಿತು ಓದುಗರ ಪ್ರಶ್ನೆಗಳು

ಅಮೆರಿಕದ ಹಳೆಯ ಸ್ಟೇಷನ್ ವ್ಯಾಗನ್ (ಹಿಂದೆ ಸಾಮಾನಿಗೂ ಜಾಗವಿರುವ ಉದ್ದನೆಯ ಕಾರು) ಇಟ್ಟುಕೊಂಡಿರುವ ದಾವಣಗೆರೆ, ಚಿತ್ರದುರ್ಗ ಸೀಮೆಯ ಓದುಗರು ಕೇಳಿದ ಏಳು ಪ್ರಶ್ನೆಗಳು ಇಲ್ಲಿವೆ.

ಅಜ್ಜನ ಕಾಲದ 1950ರ ಪ್ಲಿಮತ್ ಸಬರ್ಬನ್ ಇಪ್ಪತ್ತು ವರ್ಷದಿಂದ ಗೋದಾಮಿನಲ್ಲಿ ನಿಂತಿದೆ. ಎಂಜಿನ್ ಜಾಮ್. ಗೇರಿಗೆ ಹಾಕಿ ಟ್ರ್ಯಾಕ್ಟರಿನಿಂದ ಎಳೆದರೆ ಬಿಟ್ಟುಕೊಳ್ಳುತ್ತದೆ ಎನ್ನುತ್ತಾರೆ. ಎಳೆಸಬಹುದೇ? (ಪಿ.ಜೆ. ಬಡಾವಣೆ, ದಾವಣಗೆರೆ)

ದಯವಿಟ್ಟು ಎಳೆಸಬೇಡಿ. ನಿಮ್ಮದು 217.8 ಘನ ಇಂಚಿನ, ಆರು ಸಿಲಿಂಡರಿನ ಎಂಜಿನ್. ಇದರ ವಾಲ್ವುಗಳು ಹೆಡ್ಡಿನಲ್ಲಿಲ್ಲ, ಬ್ಲಾಕಿನಲ್ಲೇ ಪಿಸ್ಟನ್ನುಗಳ ಪಕ್ಕದಲ್ಲಿವೆ. ವರ್ಷಗಟ್ಟಲೆ ನಿಂತಾಗ ತೆರೆದ ವಾಲ್ವಿನ ಮೂಲಕ ತೇವ ಒಳಗಿಳಿದು ರಿಂಗುಗಳು ಸಿಲಿಂಡರಿಗೆ ಕಚ್ಚಿಕೊಳ್ಳುತ್ತವೆ, ವಾಲ್ವಿನ ಕಡ್ಡಿ ಗೈಡಿನಲ್ಲಿ ಹಿಡಿದುಕೊಳ್ಳುತ್ತದೆ. ಟ್ರ್ಯಾಕ್ಟರಿನ ಎಳೆತಕ್ಕೆ ಮೊದಲು ಒಡೆಯುವುದು ರಿಂಗು, ಆಮೇಲೆ ಪಿಸ್ಟನ್ನು.

ಆರೂ ಪ್ಲಗ್ ಬಿಚ್ಚಿ. ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೆ ಹಾಕುವ ಎಣ್ಣೆ ಅರ್ಧ, ಅಸಿಟೋನ್ ಅರ್ಧ ಬೆರೆಸಿ ಪ್ರತಿ ಸಿಲಿಂಡರಿಗೆ 30-40 ಮಿ.ಲೀ. ಬಿಡಿ. ಅಸಿಟೋನಿಗೆ ಥಟ್ಟನೆ ಬೆಂಕಿ ಹತ್ತುತ್ತದೆ, ಆದ್ದರಿಂದ ಈ ಕೆಲಸ ಬಯಲಿನಲ್ಲಿ ಆಗಬೇಕು, ಹತ್ತಿರ ವೆಲ್ಡಿಂಗ್ ನಡೆಯುತ್ತಿರಬಾರದು. ಕನಿಷ್ಠ ಒಂದು ವಾರ ಹಾಗೇ ಬಿಟ್ಟು, ದಿನಕ್ಕೊಮ್ಮೆ ನೋಡಿ ಇಳಿದಷ್ಟು ತುಂಬಿ. ನಂತರ ಕ್ರ್ಯಾಂಕ್ ಪುಲ್ಲಿಯ ನಟ್ಟಿಗೆ ಸ್ಪ್ಯಾನರ್ ಹಾಕಿ ಹಿಂದಕ್ಕೊಮ್ಮೆ ಮುಂದಕ್ಕೊಮ್ಮೆ ಬೆರಳಗಲದಷ್ಟು ಅಲುಗಿಸಿ. ಸ್ಪ್ಯಾನರಿಗೆ ಉದ್ದನೆಯ ಪೈಪು ಸಿಕ್ಕಿಸಿ ತೂಗಾಡುವುದು ಬೇಡ. ಆಗಲೂ ಬಿಡದಿದ್ದರೆ ಹೆಡ್ ಬಿಚ್ಚಿ. 21 ಬೋಲ್ಟ್ ಇವೆ, ಮೇಲಿನಿಂದಲೇ ಬರುತ್ತವೆ. ಕೆಲವು ಬೋಲ್ಟುಗಳ ತುದಿ ನೀರಿನ ಕೋಣೆಯೊಳಗೇ ಇಳಿದಿರುತ್ತದೆ. ತಿರುಗಿ ಹಾಕುವಾಗ ಅವಕ್ಕೆ ಸೀಲೆಂಟ್ ಹಚ್ಚದಿದ್ದರೆ ನೀರು ಬೋಲ್ಟು ಹತ್ತಿಕೊಂಡು ಮೇಲೆ ಬರುತ್ತದೆ, ಜನ ಅದನ್ನು ಹೆಡ್ ಕ್ರ್ಯಾಕ್ ಎಂದುಕೊಳ್ಳುತ್ತಾರೆ. ಬಿಗಿತ 65-70 ಅಡಿ-ಪೌಂಡ್. ನಡುವಿನಿಂದ ಅಂಚಿಗೆ ಹೋಗುತ್ತಾ ಮೂರು ಸುತ್ತಿನಲ್ಲಿ ಬಿಗಿಯಿರಿ. ಒಮ್ಮೆ ಓಡಿಸಿ ಬಿಸಿಯಾದ ಮೇಲೆ ಮತ್ತೊಮ್ಮೆ.

ಎಂಜಿನ್ ತಿರುಗಿತೆಂದು ಸ್ಟಾರ್ಟ್ ಮಾಡಲು ಆತುರಪಡಬೇಡಿ. ಬಹಳ ಜನ ಮರೆಯುವ ಒಂದು ಭಾಗ ವಾಟರ್ ಪಂಪಿನ ಹಿಂದಿದೆ: ಬ್ಲಾಕಿನ ಉದ್ದಕ್ಕೂ ಮಲಗಿರುವ, ಸೀಳುಗಳಿರುವ ಚಪ್ಪಟೆ ತಗಡಿನ ಕೊಳವೆ. ತಣ್ಣನೆಯ ನೀರನ್ನು ಹಿಂದಿನ ಸಿಲಿಂಡರಿನ ವಾಲ್ವ್ ಸೀಟಿನವರೆಗೆ ಒಯ್ಯುವುದು ಇದೇ. ಇದು ತುಕ್ಕು ತಿಂದು ಕರಗಿದ್ದರೆ ಮೀಟರಿನಲ್ಲಿ ಬಿಸಿ ಸರಿಯಾಗಿಯೇ ಕಾಣುತ್ತದೆ, ಐದು, ಆರನೆಯ ಸಿಲಿಂಡರುಗಳು ಮಾತ್ರ ಬೆಂದು ಎಕ್ಸಾಸ್ಟ್ ವಾಲ್ವ್ ಸೀಟು ಬಿರಿಯುತ್ತದೆ. ರೇಡಿಯೇಟರ್, ಪಂಪ್ ಇಳಿಸಿ, ಕೊಕ್ಕೆ ಹಾಕಿ ಮುಂದಕ್ಕೆ ಎಳೆದು ತೆಗೆಯಿರಿ. ತುಂಡಾಗಿ ಬಂದರೂ ಎಸೆಯಬೇಡಿ, ಸೀಳುಗಳ ಅಳತೆ ಅದರಲ್ಲಿದೆ. ಹೊಸದು ತರಿಸಲಾಗದಿದ್ದರೆ ಅದೇ ಅಳತೆಗೆ ಹಿತ್ತಾಳೆ ತಗಡಿನಲ್ಲಿ ಮಾಡಿಸಬಹುದು. ಸೀಳುಗಳು ಇದ್ದ ಜಾಗದಲ್ಲೇ, ಇದ್ದಷ್ಟೇ ಅಗಲ ಇರಬೇಕು.

ಆಯಿಲ್ ಚೇಂಬರನ್ನೂ ಇಳಿಸಿ ಕೆರೆದು ತೊಳೆಯಿರಿ. ಈ ಎಂಜಿನ್ನಿನ ಫಿಲ್ಟರ್ ಬೈಪಾಸ್ ಬಗೆಯದು, ಆಯಿಲಿನ ಒಂದು ಪಾಲು ಮಾತ್ರ ಅದರೊಳಗೆ ಹಾದುಹೋಗುತ್ತದೆ. ತಳದಲ್ಲಿ ಕೂತ ಕೆಸರನ್ನು ಅದು ತಡೆಯುವುದಿಲ್ಲ. ತುಂಬಬೇಕಾದ ಆಯಿಲ್ ಸುಮಾರು 4.7 ಲೀಟರ್.

ಡ್ರೈವರ್ ಬದಿಯ, ಅಂದರೆ ಬಲಗಡೆಯ, ಚಕ್ರಗಳ ಬೋಲ್ಟ್ ಬಿಚ್ಚಿಕೊಂಡವು. ಇನ್ನೊಂದು ಬದಿಯಲ್ಲಿ ಎರಡು ಬೋಲ್ಟ್ ಮುರಿದೇ ಹೋದವು. ಹಿಂದಿನ ಡ್ರಮ್ಮೂ ಸುತ್ತಿಗೆಯ ಏಟಿಗೆ ಅಲುಗುತ್ತಿಲ್ಲ. (ಹರಿಹರ)

ಕ್ರೈಸ್ಲರ್ ಕಂಪನಿಯ ಆ ಕಾಲದ ಗಾಡಿಗಳಲ್ಲಿ, ಅಂದರೆ ಪ್ಲಿಮತ್, ಡಾಡ್ಜ್, ಡಿಸೋಟೊಗಳಲ್ಲಿ, ಎಡ ಬದಿಯ ಚಕ್ರಕ್ಕೆ ಉಲ್ಟಾ ಥ್ರೆಡ್. ಬೇರೆ ಗಾಡಿಗಳಲ್ಲಿ ಬಿಗಿಯುವ ಕಡೆಗೆ ತಿರುಗಿಸಿದರೆ ಇಲ್ಲಿ ಬಿಚ್ಚುತ್ತದೆ. ಬೋಲ್ಟಿನ ತಲೆಯ ಮೇಲೆ ಇಂಗ್ಲಿಷಿನ ಎಲ್ ಅಕ್ಷರ ಇದೆಯೇ ನೋಡಿ. ಮುರಿದ ತುಂಡುಗಳನ್ನು ತೆಗೆಸುವಾಗ ಲೇತಿನವರಿಗೆ ಇದನ್ನು ಮೊದಲೇ ಹೇಳಿ, ಇಲ್ಲದಿದ್ದರೆ ಅವರೂ ಮತ್ತಷ್ಟು ಬಿಗಿಯುವ ಕಡೆಗೇ ತಿರುಗಿಸುತ್ತಾರೆ.

ಹಿಂದಿನ ಡ್ರಮ್ ಮೊನಚಾಗುತ್ತಾ ಹೋಗುವ ಆಕ್ಸಲ್ಲಿನ ಮೇಲೆ ಕಚ್ಚಿ ಕೂತಿದೆ, ನಡುವೆ ಕೀಲಿಯೂ ಇದೆ. ಸುತ್ತಿಗೆಯ ಏಟು ಆಕ್ಸಲ್ ಮೂಲಕ ಬೇರಿಂಗಿಗೆ, ಅಲ್ಲಿಂದ ಡಿಫರೆನ್ಶಿಯಲ್ಲಿಗೆ (ಹಿಂದಿನ ಎರಡು ಚಕ್ರಗಳಿಗೆ ಬಲ ಹಂಚುವ ಗೇರುಗಳಿಗೆ) ಹೋಗುತ್ತದೆಯೇ ಹೊರತು ಡ್ರಮ್ ಬರುವುದಿಲ್ಲ. ಚಕ್ರದ ಬೋಲ್ಟಿನ ತೂತುಗಳಿಗೆ ಹಿಡಿಯುವ ಪುಲ್ಲರ್ ಬೇಕು. ಹರಿಹರದ ಲೇತ್ ಅಂಗಡಿಗಳಿಗೆ ಇದು ದೊಡ್ಡ ಕೆಲಸವಲ್ಲ: ದಪ್ಪ ಉಕ್ಕಿನ ತಟ್ಟೆ, ಅಂಚಿನಲ್ಲಿ ಬೋಲ್ಟಿನ ತೂತುಗಳು, ನಡುವೆ ಸಣ್ಣ ಥ್ರೆಡ್ಡಿನ ದಪ್ಪ ಸ್ಕ್ರೂ. ಆಕ್ಸಲ್ ನಟ್ಟನ್ನು ಪೂರ್ತಿ ತೆಗೆಯದೆ ತುದಿಯಲ್ಲಿ ಬಿಟ್ಟಿರಿ. ಡ್ರಮ್ ಬಿಡುವಾಗ ಗುಂಡಿನಂತೆ ಸಿಡಿಯುತ್ತದೆ, ಅದನ್ನು ತಡೆಯುವುದು ಆ ನಟ್ಟೇ. ಸ್ಕ್ರೂ ಬಿಗಿದು ರಾತ್ರಿಯಿಡೀ ಬಿಡಿ, ಎಷ್ಟೋ ಸಲ ಬೆಳಗಾಗುವಷ್ಟರಲ್ಲಿ ತಾನಾಗಿ ಬಿಟ್ಟಿರುತ್ತದೆ.

ಇನ್ನೊಂದು ಮಾತು, ಜೀವಕ್ಕೆ ಸಂಬಂಧಿಸಿದ್ದು. ಇದರ ಹ್ಯಾಂಡ್‌ಬ್ರೇಕ್ ಹಿಡಿಯುವುದು ಚಕ್ರವನ್ನಲ್ಲ, ಗೇರ್‌ಬಾಕ್ಸಿನ ಹಿಂದೆ ಪ್ರೊಪೆಲ್ಲರ್ ಶಾಫ್ಟನ್ನು. ಹಿಂದಿನ ಒಂದು ಚಕ್ರ ಜಾಕಿನ ಮೇಲೆ ಎದ್ದರೆ ಡಿಫರೆನ್ಶಿಯಲ್ ಅದನ್ನು ತಿರುಗಲು ಬಿಡುತ್ತದೆ, ಹ್ಯಾಂಡ್‌ಬ್ರೇಕ್ ಹಾಕಿದ್ದರೂ ಗಾಡಿ ಉರುಳುತ್ತದೆ. ಮುಂದಿನ ಎರಡೂ ಚಕ್ರಕ್ಕೆ ಅಡ್ಡ ಕಟ್ಟಿಗೆ ಕೊಡದೆ ಜಾಕ್ ಎತ್ತಬೇಡಿ.

ಬ್ಯಾಟರಿ ಹೊಸದು, ಆದರೂ ಸೆಲ್ಫ್ ಸುಸ್ತಾದಂತೆ ತಿರುಗುತ್ತದೆ. 12 ವೋಲ್ಟಿಗೆ ಬದಲಿಸಲೇ? (ವಿದ್ಯಾನಗರ, ದಾವಣಗೆರೆ)

ಮೊದಲು ಕೇಬಲ್ ನೋಡಿ. ಅಷ್ಟೇ ಕೆಲಸಕ್ಕೆ 6 ವೋಲ್ಟಿನಲ್ಲಿ 12 ವೋಲ್ಟಿನ ಎರಡರಷ್ಟು ಕರೆಂಟ್ ಹರಿಯಬೇಕು. ಈಗಿನ ಕಾರಿನ ತೆಳು ಕೇಬಲ್ ಹಾಕಿದರೆ ಅರ್ಧ ಬಲ ಅಲ್ಲೇ ಬಿಸಿಯಾಗಿ ಹೋಗುತ್ತದೆ. 50 ಅಥವಾ 70 ಚದರ ಮಿ.ಮೀ. ತಾಮ್ರದ ವೆಲ್ಡಿಂಗ್ ಕೇಬಲ್ ಕೊಂಡು ತುದಿಗೆ ಲಗ್ ಒತ್ತಿಸಿ. ಅರ್ಥ್ ಕೂರುವ ಕಡೆ ಬಣ್ಣ ಕೆರೆದು ಲೋಹ ಹೊಳೆಯುವಂತೆ ಮಾಡಿ. ಆಮೇಲೆ ಸೆಲ್ಫ್ ಹೊಡೆಯುತ್ತಾ ಬ್ಯಾಟರಿಯ ಪ್ಲಸ್ ಕಂಬದಿಂದ ಎಂಜಿನ್ ಬ್ಲಾಕಿಗೆ ಮೀಟರ್ ಹಿಡಿಯಿರಿ. 0.3 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ಥಿನಲ್ಲೇ ದೋಷ.

ಪ್ಲಸ್ ಕಂಬ ಎಂದದ್ದು ಕೈತಪ್ಪಲ್ಲ. 1955ರವರೆಗಿನ ಪ್ಲಿಮತ್‌ಗಳಲ್ಲಿ ಅರ್ಥ್ ಆಗುವುದು ಪ್ಲಸ್. ಎಲೆಕ್ಟ್ರಿಷಿಯನ್ ಅಭ್ಯಾಸಬಲದಿಂದ ಮೈನಸ್ ಅನ್ನು ಅರ್ಥಿಗೆ ಕೊಟ್ಟರೂ ಸೆಲ್ಫ್ ತಿರುಗುತ್ತದೆ, ಆದರೆ ಕಾಯಿಲ್ ಕಿಡಿ ಸೊರಗುತ್ತದೆ, ಡೈನಮೋ ಮತ್ತು ಕಟೌಟಿನ (ಡೈನಮೋವನ್ನು ಬ್ಯಾಟರಿಗೆ ಜೋಡಿಸಿ ಬಿಡಿಸುವ ಸ್ವಿಚ್ಚಿನ) ಪಾಯಿಂಟ್ ಸುಡಬಹುದು. ಇವೆಲ್ಲ ಸರಿ ಮಾಡಿದ ಮೇಲೆ 12 ವೋಲ್ಟ್ ಬೇಕೆನಿಸುವುದಿಲ್ಲ. ಬದಲಿಸಿದರೆ ಬಲ್ಬು, ಕಾಯಿಲ್, ಡೈನಮೋ, ಪೆಟ್ರೋಲ್ ಮೀಟರ್ ಎಲ್ಲದಕ್ಕೂ ಕೈಹಾಕಬೇಕಾಗುತ್ತದೆ.

ವೈರಿಂಗಿಗೆ ಬಟ್ಟೆಯ ಹೊದಿಕೆ ಇದ್ದರೆ, ಮೆಕ್ಕೆಜೋಳದ ಗೋದಾಮಿನಲ್ಲಿ ನಿಂತ ಗಾಡಿಯಾದರೆ, ಡ್ಯಾಶ್‌ಬೋರ್ಡಿನ ಹಿಂದೆ ಟಾರ್ಚ್ ಬಿಟ್ಟು ನೋಡಿ. ಇಲಿ ಕಡಿದಿರುತ್ತದೆ.

ಹಿಂದಿನ ಗಾಜಿನ ಬಾಗಿಲು ತೆರೆದು ಓಡಿಸಿದರೆ ಗಾಳಿ ಚೆನ್ನಾಗಿ ಬರುತ್ತದೆ. ಆದರೆ ಹಿಂದೆ ಕೂತ ಮಕ್ಕಳಿಗೆ ತಲೆನೋವು, ಓಕರಿಕೆ. (ಚಿತ್ರದುರ್ಗ)

ಇವತ್ತೇ ನಿಲ್ಲಿಸಿ. ವ್ಯಾಗನ್ನಿನ ಹಿಂಭಾಗ ನೇರ ಗೋಡೆಯಂತಿದೆ. ಓಡುವಾಗ ಅದರ ಹಿಂದೆ ಗಾಳಿಯ ಒತ್ತಡ ಇಳಿದು ಸುಳಿ ಏಳುತ್ತದೆ, ಸೈಲೆನ್ಸರಿನ ಹೊಗೆ ಆ ಸುಳಿಯಲ್ಲಿ ಸಿಕ್ಕಿ ತೆರೆದ ಬಾಗಿಲಿನಿಂದ ಒಳಗೆ ಬರುತ್ತದೆ. ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಕೊಲ್ಲುತ್ತದೆ. ಹಿಂದಿನ ಬಾಗಿಲಿನ ಮೇಲಿನ, ಕೆಳಗಿನ ಎರಡೂ ಭಾಗ ಮುಚ್ಚಿಯೇ ಓಡಿಸಿ. ಗಾಳಿ ಬೇಕಾದರೆ ಮುಂದಿನ ಕಿಟಕಿ ತೆರೆಯಿರಿ.

ಮುಚ್ಚಿದ ಬಾಗಿಲೂ ಸೋರಬಹುದು. ರಬ್ಬರ್ ಮತ್ತು ಬಾಗಿಲಿನ ನಡುವೆ ಹತ್ತು ರೂಪಾಯಿ ನೋಟು ಸಿಕ್ಕಿಸಿ ಎಳೆಯಿರಿ. ಸಲೀಸಾಗಿ ಬಂದ ಕಡೆ ರಬ್ಬರ್ ಕೂತಿಲ್ಲ. ಟೈಲ್‌ಪೈಪಿನ ತುದಿ ಬಾಡಿಗಿಂತ ಹೊರಗೆ ಚಾಚಿರಲಿ. ಹಿಂದಿನ ನೆಲದ ತಗಡು, ಸ್ಟೆಪ್ನಿ ಗುಂಡಿಯ ಮೂಲೆಗಳನ್ನು ಕೆಳಗಿನಿಂದ ಚುಚ್ಚಿ ನೋಡಿ. ನಮ್ಮ ಕಡೆ ಮಳೆ ಕಡಿಮೆ, ಧೂಳು ಜಾಸ್ತಿ. ಧೂಳು ನೀರು ಇಳಿಯುವ ತೂತು ಮುಚ್ಚಿ, ಬಂದ ಸ್ವಲ್ಪ ಮಳೆನೀರನ್ನೂ ಅಲ್ಲೇ ಹಿಡಿದಿಡುತ್ತದೆ. ತುಕ್ಕು ತಿಂದ ತಗಡನ್ನು ಕತ್ತರಿಸಿ 18 ಗೇಜ್ ಹಾಳೆ ಬೆಸೆಯಿಸಿ. ಪುಟ್ಟಿ ತೂತು ಮುಚ್ಚುವ ವಸ್ತುವಲ್ಲ.

ಮಧ್ಯಾಹ್ನದ ಬಿಸಿಲಿನಲ್ಲಿ ಹತ್ತು ಕಿ.ಮೀ. ಓಡಿದ ಮೇಲೆ ಪೆಟ್ರೋಲ್ ಬರುವುದಿಲ್ಲ. (ಹಿರಿಯೂರು)

ಪೈಪಿನಲ್ಲಿ ಪೆಟ್ರೋಲ್ ಕುದಿದು ಆವಿಯಾಗುತ್ತಿದೆ. ಪಂಪಿಗೂ ಎಕ್ಸಾಸ್ಟಿಗೂ ನಡುವೆ ಇದ್ದ ತಗಡಿನ ಮರೆಯನ್ನು ಯಾರೋ ಬಿಚ್ಚಿ ಎಸೆದಿರಬಹುದು, ಮತ್ತೆ ಹಾಕಿಸಿ. ಪೈಪನ್ನು ಎಕ್ಸಾಸ್ಟಿನಿಂದ ಎರಡಿಂಚು ದೂರ ಸರಿಸಿ. ಈಗಿನ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥನಾಲ್ ಇರುವುದರಿಂದ ಹಳೆಯ ರಬ್ಬರ್ ಹೋಸ್, ಪಂಪಿನ ಡಯಾಫ್ರಾಮ್ ಎರಡನ್ನೂ ಎಥನಾಲ್ ತಾಳುವಂಥದ್ದಕ್ಕೆ ಬದಲಿಸಿ. ಪ್ಲಗ್ ಬೆಳ್ಳಗೆ ಸುಟ್ಟಂತೆ ಕಂಡರೆ ಕಾರ್ಬ್ಯುರೇಟರಿನ ಮೇನ್ ಜೆಟ್ ಒಂದು ಅಳತೆ ದೊಡ್ಡದು ಬೇಕು. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕ್ ಖಾಲಿ ಮಾಡಿ. ಎಥನಾಲ್ ಗಾಳಿಯ ತೇವ ಹೀರಿ, ನೀರಿನೊಂದಿಗೆ ಬೇರೆಯಾಗಿ ತಳಕ್ಕಿಳಿಯುತ್ತದೆ.

ಮರದ ಬಾಡಿಯ ವ್ಯಾಗನ್. ಕಂಬದ ಬುಡ ಲಡ್ಡಾಗಿದೆ. (ಹೊಸದುರ್ಗ)

ಗಟ್ಟಿ ಮರ ಸಿಗುವವರೆಗೆ ಕತ್ತರಿಸಿ. ಜೋಡಣೆಯನ್ನು ಓರೆಯಾಗಿ, ಮರದ ದಪ್ಪದ ಎಂಟರಷ್ಟು ಉದ್ದಕ್ಕೆ ಕೊಡಿ. ತೇಗ ಬಳಸುವುದಾದರೆ ಅದರಲ್ಲಿ ಸಹಜವಾಗಿ ಎಣ್ಣೆ ಇರುವುದರಿಂದ ಅಂಟು ಹಚ್ಚುವ ಮುನ್ನ ಅಸಿಟೋನಿನಲ್ಲಿ ಒರೆಸಿ, ಎಪಾಕ್ಸಿ ಹಾಕಿ. ಬಡಗಿಯವರ ಮಾಮೂಲಿ ಬಿಳಿ ಅಂಟು ನೀರಿಗೆ ನಿಲ್ಲುವುದಿಲ್ಲ. ಹಲಗೆಗೆ ಐಎಸ್ 710 ಗುರುತಿನ ಮೆರೈನ್ ಪ್ಲೈವುಡ್ ಕೇಳಿ. ವಾರ್ನಿಶ್ ಹೆಚ್ಚು ಕುಡಿಯಬೇಕಾದದ್ದು ಕಣ್ಣಿಗೆ ಕಾಣುವ ಮುಖವಲ್ಲ, ಕತ್ತರಿಸಿದ ತುದಿ.

ಈ ಗಾಡಿಯನ್ನು ವಿಂಟೇಜ್ ಎಂದು ನೋಂದಾಯಿಸಿ ಮದುವೆಗೆ ಬಾಡಿಗೆಗೆ ಬಿಡಬಹುದೇ? (ದಾವಣಗೆರೆ)

ಬಾಡಿಗೆಗೆ ಬಿಡುವಂತಿಲ್ಲ. 2021ರ ಕೇಂದ್ರ ನಿಯಮದಲ್ಲಿ ವಿಂಟೇಜ್ ಗಾಡಿಯ ವಾಣಿಜ್ಯ ಬಳಕೆಗೆ ಅವಕಾಶವಿಲ್ಲ. ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಅಧ್ಯಯನ, ಪೆಟ್ರೋಲ್ ಹಾಕಿಸುವುದು, ರಿಪೇರಿ ಇಂಥವಕ್ಕೆ ಮಾತ್ರ ರಸ್ತೆಗಿಳಿಸಬಹುದು. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಚಾಸಿ, ಬಾಡಿ, ಎಂಜಿನ್ ಮೂಲರೂಪದಲ್ಲಿರಬೇಕು. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ಮಾನ್ಯತೆ, ನವೀಕರಣಕ್ಕೆ 5,000. ಹಳೆಯ ನಂಬರ್ ಇದ್ದರೆ ಅದನ್ನೇ ಉಳಿಸಿಕೊಳ್ಳಬಹುದು, ಹೊಸದಾಗಿ ಪಡೆಯುವವರಿಗೆ ವಿಎ ಸರಣಿ.

ಅರ್ಜಿಗೆ ಮುಂಚೆ ಒಂದು ಕೆಲಸ ಮಾಡಿ. ಬ್ಲಾಕಿನ ಎಡಬದಿಯ ಮುಂಭಾಗದಲ್ಲಿ ಕೊರೆದ ಎಂಜಿನ್ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದು, ಆರ್‌ಸಿಯಲ್ಲಿರುವುದಕ್ಕೆ ತಾಳೆ ನೋಡಿ. ಎಂಜಿನ್ ತೊಳೆಯುವ ಹುಡುಗರಿಗೆ ಆ ಜಾಗಕ್ಕೆ ಗ್ರೈಂಡರ್ ತಾಗಿಸದಂತೆ ಹೇಳಿಡಿ.