ಅಮೆರಿಕದ ಸೋಶಿಯಲ್ ಸೆಕ್ಯುರಿಟಿ ಇಲಾಖೆಯ (ಪಿಂಚಣಿ, ಅಂಗವೈಕಲ್ಯ ಭತ್ಯೆ ಕೊಡುವ ಸರ್ಕಾರಿ ಇಲಾಖೆ) ವಕೀಲರು ದಿನಾ ಕೋರ್ಟಿಗೆ ಹೋಗುತ್ತಾರಾ?

ಇಲ್ಲ. ಓದುವುದು, ಬರೆಯುವುದೇ ಜಾಸ್ತಿ. ಅಂಗವೈಕಲ್ಯ ಭತ್ಯೆಯ ಅರ್ಜಿ ತಿರಸ್ಕಾರವಾದರೆ ಇಲಾಖೆಯದೇ ನ್ಯಾಯಾಧೀಶರ ಮುಂದೆ ವಿಚಾರಣೆ ನಡೆಯುತ್ತದೆ. ವಿಚಿತ್ರ ಅಂದರೆ, ಅಲ್ಲಿ ಅರ್ಜಿದಾರರ ವಿರುದ್ಧ ವಾದಿಸಲು ಸರ್ಕಾರಿ ವಕೀಲರೇ ಇರುವುದಿಲ್ಲ! ಕೆಲವು ವಕೀಲರು ಆ ನ್ಯಾಯಾಧೀಶರಿಗೆ ತೀರ್ಪಿನ ಕರಡು ಬರೆದುಕೊಡುತ್ತಾರೆ, ಅಷ್ಟೇ.

ಅರ್ಜಿದಾರರು ಅಲ್ಲಿ ಸೋತು, ಇಲಾಖೆಯ ಮೇಲ್ಮನವಿ ಮಂಡಳಿಯೂ ಕೈಬಿಟ್ಟರೆ 60 ದಿನದೊಳಗೆ ಫೆಡರಲ್ (ಕೇಂದ್ರ) ಕೋರ್ಟಿಗೆ ಹೋಗಬಹುದು. ಇಲಾಖೆ ಪರ ವಾದಿಸುವವರ ಕೆಲಸ ಶುರುವಾಗುವುದು ಆಗ. ಫೈಲು ಸಾವಿರ ಪುಟ ದಾಟುವುದೂ ಉಂಟು: ಎಂಆರ್‌ಐ ವರದಿ, ಡಾಕ್ಟರ ಟಿಪ್ಪಣಿ, ಹಳೇ ಕೆಲಸದ ವಿವರ. ತೀರ್ಪಿಗೆ ಸಾಕಷ್ಟು ಆಧಾರವಿತ್ತು ಅಂತ ಪುಟಸಂಖ್ಯೆ ಸಮೇತ ತೋರಿಸಬೇಕು. ತೀರ್ಪೇ ಸರಿಯಿಲ್ಲ ಅನಿಸಿದರೆ ಸುಮ್ನೆ ಹಟ ಹಿಡಿಯುವುದಿಲ್ಲ, ಮರುವಿಚಾರಣೆಗೆ ವಾಪಸ್ ಕಳಿಸಲು ತಾವೇ ಒಪ್ಪುತ್ತಾರೆ. ಎದುರಾಳಿಯನ್ನು ಪಾಟೀಸವಾಲಿನಲ್ಲಿ ಮಣಿಸುವ ಆಸೆಯಿದ್ದರೆ ಈ ಕೆಲಸ ಬೇಜಾರಾದೀತು.